ಹಾರಾಟದ ಲೆಕ್ಕ ಚುಕ್ತಾ ಮಾಡಿದ ಹಕ್ಕಿ

2008ರ ಏಪ್ರಿಲ್ 1ರಂದು ಬಿಬಿಸಿ ಒಂದು ಪುಟ್ಟ ಚಿತ್ರ ತೋರಿಸಿತು. ಹಿಮದ ನಡುವೆ ನಿಂತ ನಟ ಟೆರಿ ಜೋನ್ಸ್ ಗಂಭೀರವಾಗಿ ವಿವರಣೆ ಕೊಡುತ್ತಿರುವಾಗಲೇ ಅಡೆಲಿ ಪೆಂಗ್ವಿನ್‌ಗಳ ಹಿಂಡೊಂದು ತಪತಪನೆ ಓಡಿ, ರೆಕ್ಕೆ ಬಡಿದು, ಮೇಲೆದ್ದು, ದಕ್ಷಿಣ ಅಮೆರಿಕದ ಮಳೆಕಾಡಿಗೆ ಬಿಸಿಲು ಕಾಯಿಸಲು ಹೊರಟೇಬಿಟ್ಟಿತು. ತಾರೀಖು ನೋಡಿಕೊಂಡವರು ನಕ್ಕರು. ಕಂಪ್ಯೂಟರಿನ ಕೈಚಳಕವೇನೋ ಹೌದು, ಆದರೆ ನೋಡುವ ಕಣ್ಣಿಗೆ ಅದು ತೀರಾ ಅಸಂಬದ್ಧವೆನಿಸಲಿಲ್ಲ. ಪೆಂಗ್ವಿನ್‌ಗೆ ಕೊಕ್ಕಿದೆ, ಮೈತುಂಬ ಗರಿಯಿದೆ, ಎರಡು ರೆಕ್ಕೆಗಳಿವೆ. ಹಾರುವುದಕ್ಕೆ ಇನ್ನೇನು ಬೇಕು?

ಈ ದತ್ತಿ ಉಪನ್ಯಾಸಕ್ಕೆ ಆಯ್ದುಕೊಂಡದ್ದು ಆ ಪ್ರಶ್ನೆಯನ್ನೇ. ಮಕ್ಕಳು ಕೇಳುವ ಪ್ರಶ್ನೆ ಎಂದು ದೊಡ್ಡವರು ಇದನ್ನು ಪಕ್ಕಕ್ಕೆ ಸರಿಸುವುದುಂಟು. ಆದರೆ ಜೀವಂತ ಹಕ್ಕಿಯ ಮೈಯಲ್ಲಿ ಅಳೆದು ತೂಗಿದ ಉತ್ತರ ಕೈಗೆ ಬಂದದ್ದು 2013ರಲ್ಲಿ. ಅದಕ್ಕೂ ಹಿಂದೆ ಕೆಲವು ಶತಮಾನಗಳ ಕಾಲ ನಡೆದದ್ದು ಬಹುಮಟ್ಟಿಗೆ ಊಹೆಗಳ ರಾಜ್ಯಭಾರ.

ಹಳೆಯ ಊಹೆಗಳಲ್ಲೊಂದು ವಾಸ್ಕೋ ಡ ಗಾಮಾನ ಹಡಗಿನಿಂದ ಬಂದದ್ದು. 1497ರ ನವೆಂಬರಿನಲ್ಲಿ ಅವನ ಹಡಗುಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ, ಈಗ ಮೊಸೆಲ್ ಬೇ ಎನ್ನುವ ಕೊಲ್ಲಿಯಲ್ಲಿ ಲಂಗರು ಹಾಕಿದವು. ಆ ಯಾನದ ದಿನಚರಿ ಬರೆದಿಟ್ಟ ನಾವಿಕ ಅಲ್ಲಿನ ಚಿಕ್ಕ ದ್ವೀಪದಲ್ಲಿ ಕಂಡ ಸೀಲ್‌ಗಳ ಜೊತೆಗೆ ವಿಚಿತ್ರ ಹಕ್ಕಿಗಳನ್ನೂ ನಮೂದಿಸಿದ್ದಾನೆ. ಗಾತ್ರ ಬಾತುಕೋಳಿಯಷ್ಟು, ಕೂಗು ಕತ್ತೆಯದು, ರೆಕ್ಕೆಯಲ್ಲಿ ಗರಿಯಿಲ್ಲದ್ದರಿಂದ ಹಾರಲಾರವು ಎಂಬುದು ಅವನ ಷರಾ. ಬೇಕೆನಿಸಿದಷ್ಟನ್ನು ಕೊಂದದ್ದೂ ದಾಖಲಾಗಿದೆ. ಇಂದು ಆಫ್ರಿಕನ್ ಪೆಂಗ್ವಿನ್ ಎಂದು ಕರೆಯುವ ಜಾತಿ ಅದು. ಅದರ ಕೂಗು ಈಗಲೂ ಥೇಟು ಕತ್ತೆಯದೇ. ಇದೇ ಹಡಗುಗಳು ಮರುವರ್ಷ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿ, ವಾಪಸು ಹೋಗುವ ಮುಂಚೆ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ರಿಪೇರಿಗೆಂದು ನಿಂತವು.

ನಾವಿಕನ ಕಣ್ಣು ಸರಿಯಿತ್ತು, ತೀರ್ಮಾನ ತಪ್ಪಿತ್ತು. ಪೆಂಗ್ವಿನ್‌ನ ರೆಕ್ಕೆಯಲ್ಲಿ ಗರಿಗಳಿಗೇನೂ ಬರವಿಲ್ಲ. ಅವು ಮೀನಿನ ಪೊರೆಯಷ್ಟು ಚಿಕ್ಕವಾಗಿ, ಒಂದರ ಮೇಲೊಂದು ಒತ್ತಾಗಿ ಹೊದ್ದಿಕೊಂಡಿವೆ. ಕಾಗೆ, ಪಾರಿವಾಳಗಳ ರೆಕ್ಕೆಯ ಅಂಚಿನಲ್ಲಿ ಉದ್ದಕ್ಕೆ ಚಾಚಿಕೊಂಡಿರುವ ಹಾರುಗರಿಗಳು ಮಾತ್ರ ಇಲ್ಲ. ಇದು ಕಾರಣವಲ್ಲ, ಪರಿಣಾಮ. ಮೊದಲು ಬೇರೇನೋ ನಡೆದು, ಅದರ ಹಿಂದೆಯೇ ಗರಿಗಳು ಗಿಡ್ಡವಾದವು.

ಎರಡನೆಯ ಊಹೆ ಹೆಚ್ಚು ವಿದ್ವತ್ತಿನದು, ಹಾಗಾಗಿ ಹೆಚ್ಚು ದುಬಾರಿಯದು. ಪೆಂಗ್ವಿನ್ ಹಾರಾಟ ಬಿಟ್ಟ ಹಕ್ಕಿಯೇ ಅಲ್ಲ, ಅದು ಹಾರಾಟವನ್ನು ಕಲಿಯದೇ ಉಳಿದ ಆದಿಮ ಹಕ್ಕಿ ಎಂದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಲವರು ನಂಬಿದ್ದರು. ಹಾಗಿದ್ದಲ್ಲಿ ಮೊಟ್ಟೆಯೊಳಗಿನ ಭ್ರೂಣದಲ್ಲಿ ಹಲ್ಲಿ, ಮೊಸಳೆಗಳ ವಂಶದ ಕುರುಹು ಕಾಣಿಸಬೇಕು. ಕ್ಯಾಪ್ಟನ್ ಸ್ಕಾಟ್‌ನ ದಕ್ಷಿಣಧ್ರುವ ತಂಡದಲ್ಲಿದ್ದ ವೈದ್ಯ, ಪಕ್ಷಿತಜ್ಞ ಎಡ್ವರ್ಡ್ ವಿಲ್ಸನ್ ಈ ವಿಚಾರವನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. ಅವರು ಆರಿಸಿಕೊಂಡ ಚಕ್ರವರ್ತಿ (ಎಂಪರರ್) ಪೆಂಗ್ವಿನ್ ಮೊಟ್ಟೆಯಿಡುವುದು ಅಂಟಾರ್ಕ್ಟಿಕಾದ ನಡುಚಳಿಗಾಲದಲ್ಲಿ. ಸೂರ್ಯನೇ ಹುಟ್ಟದ ತಿಂಗಳುಗಳಲ್ಲಿ. ಮೊಟ್ಟೆ ಬೇಕೆಂದರೆ ಆಗಲೇ ಹೋಗಬೇಕು.

1911ರ ಜೂನ್ 27ರಂದು ವಿಲ್ಸನ್, ಹೆನ್ರಿ ಬವರ್ಸ್ ಮತ್ತು 25 ವರ್ಷದ ಆಪ್‌ಸ್ಲಿ ಚೆರ್ರಿ-ಗೆರಾರ್ಡ್ ಕೈಯಲ್ಲೇ ಜಾರುಬಂಡಿ ಎಳೆಯುತ್ತ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕೇಪ್ ಕ್ರೋಜಿಯರ್‌ಗೆ ಹೊರಟರು. ಉಷ್ಣಾಂಶ ಸೊನ್ನೆಗಿಂತ 60 ಡಿಗ್ರಿ ಕೆಳಗೆ ಇಳಿದ ದಿನಗಳೂ ಇದ್ದವು. ಬೆವರಿದ ಬಟ್ಟೆ ಮೈಮೇಲೆಯೇ ಹಲಗೆಯಂತೆ ಸೆಟೆದುಕೊಂಡಿತು. ಚಳಿಗೆ ಕಟಕಟಿಸಿ ಚೆರ್ರಿ-ಗೆರಾರ್ಡ್‌ರ ಹಲ್ಲುಗಳು ಸೀಳಿಹೋದವು. ಪೆಂಗ್ವಿನ್‌ಗಳ ನೆಲೆ ತಲುಪಿ ಸಿಕ್ಕಿದ್ದು ಐದು ಮೊಟ್ಟೆ. ದಾರಿಯಲ್ಲಿ ಎರಡು ಒಡೆದವು. ಬಿರುಗಾಳಿಗೆ ಡೇರೆ ಹಾರಿಹೋಯಿತು. ಅದು ಮತ್ತೆ ಸಿಗದಿದ್ದರೆ ಮೂವರೂ ಅಲ್ಲೇ ಮುಗಿಯುತ್ತಿದ್ದರು. ಆಗಸ್ಟ್ 1ರಂದು ನೆಲೆಗೆ ಮರಳಿದರು. ಮುಂದಿನ ವರ್ಷ ವಿಲ್ಸನ್ ಮತ್ತು ಬವರ್ಸ್ ಸ್ಕಾಟ್‌ನ ಜೊತೆ ಧ್ರುವದಿಂದ ಹಿಂದಿರುಗುವ ದಾರಿಯಲ್ಲಿ ಹೆಪ್ಪುಗಟ್ಟಿ ಸತ್ತರು. ಉಳಿದ ಮೂರು ಮೊಟ್ಟೆಗಳನ್ನು ಲಂಡನ್ನಿಗೆ ತಲುಪಿಸಿದ್ದು ಚೆರ್ರಿ-ಗೆರಾರ್ಡ್. ಭ್ರೂಣಗಳ ಅಧ್ಯಯನದ ವರದಿ ಕೊನೆಗೂ ಅಚ್ಚಾದದ್ದು 1934ರಲ್ಲಿ. ಸಾರಾಂಶ ಇಷ್ಟೇ: ಈ ಮೊಟ್ಟೆಗಳಿಂದ ಪೆಂಗ್ವಿನ್ ಬಗ್ಗೆ ಹೊಸದಾಗಿ ಹೆಚ್ಚೇನೂ ತಿಳಿಯಲಿಲ್ಲ.

ವಿಲ್ಸನ್ ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಹುಡುಕುತ್ತಿದ್ದ ಉತ್ತರ ಮೊಟ್ಟೆಯೊಳಗೆ ಇರಲಿಲ್ಲ. ಬೆಳೆದ ಪೆಂಗ್ವಿನ್‌ನ ಎದೆಯಲ್ಲೇ ಇತ್ತು. ಹಾರುವ ಹಕ್ಕಿಯ ಎದೆಮೂಳೆಯ ನಡುವೆ ದೋಣಿಯ ತಳದಂತೆ ಎದ್ದುನಿಂತ ಏಣು ಇರುತ್ತದೆ. ರೆಕ್ಕೆ ಬಡಿಯುವ ಸ್ನಾಯುಗಳಿಗೆ ಅದೇ ಆಧಾರ. ಉಷ್ಟ್ರಪಕ್ಷಿಗೆ ಅದಿಲ್ಲ, ಎಮುವಿಗೂ ಇಲ್ಲ. ಪೆಂಗ್ವಿನ್‌ಗೆ ಇದೆ, ಅದೂ ಭರ್ಜರಿಯಾಗಿ. ಬಾಲದ ಕೊನೆಯ ಮೂಳೆಗಳು ಬೆಸೆದುಕೊಂಡಿರುವುದು, ರೆಕ್ಕೆಯ ಮೂಳೆಗಳ ಜೋಡಣೆ, ಎಲ್ಲವೂ ಹಾರುವ ಮನೆತನದ್ದೇ. ಅಮೆರಿಕದ ಪಳೆಯುಳಿಕೆ ತಜ್ಞ ಜಾರ್ಜ್ ಗೇಲಾರ್ಡ್ ಸಿಂಪ್ಸನ್ 1946ರಲ್ಲಿ ಪೆಂಗ್ವಿನ್‌ಗಳ ಪೂರ್ವಜರು ಹಾರುವ ಕಡಲಹಕ್ಕಿಗಳೇ ಆಗಿದ್ದರು ಎಂದು ಗಟ್ಟಿಯಾಗಿ ವಾದಿಸಿದರು. ಆಮೇಲೆ ಡಿಎನ್‌ಎ ಸಾಕ್ಷಿಯೂ ಅದಕ್ಕೆ ಕೂಡಿಕೊಂಡಿತು. ಪೆಂಗ್ವಿನ್‌ಗೆ ಇಂದು ಬದುಕಿರುವವರಲ್ಲಿ ತೀರಾ ಹತ್ತಿರದ ನೆಂಟರು ಪೆಟ್ರೆಲ್ ಮತ್ತು ಆಲ್ಬಟ್ರಾಸ್‌ಗಳು. ಮೂರೂವರೆ ಮೀಟರಿನವರೆಗೆ ರೆಕ್ಕೆ ಹರಡಿ, ಬಡಿಯದೆಯೇ ಸಾಗರಗಳನ್ನು ದಾಟುವ ಆಲ್ಬಟ್ರಾಸ್ ಒಂದು ಕಡೆ, ಒಂದಡಿ ಮೇಲಕ್ಕೂ ಹಾರಲಾರದ ಪೆಂಗ್ವಿನ್ ಇನ್ನೊಂದು ಕಡೆ. ದಾಯಾದಿಗಳು ಆಸ್ತಿ ಹಂಚಿಕೊಂಡ ರೀತಿಯೇ ವಿಚಿತ್ರ.

ಹಾಗಾದರೆ ಹಾರುತ್ತಿದ್ದ ಹಕ್ಕಿ ಹಾರಾಟವನ್ನು ಬಿಟ್ಟದ್ದೇಕೆ? ಶಾಲಾಪುಸ್ತಕದ ಉತ್ತರ ಎಲ್ಲರಿಗೂ ಗೊತ್ತು: ಅಂಟಾರ್ಕ್ಟಿಕಾದಲ್ಲಿ ನೆಲದ ಮೇಲೆ ಶತ್ರುಗಳಿಲ್ಲ, ಆದ್ದರಿಂದ ಹಾರುವ ಅಗತ್ಯ ಬೀಳಲಿಲ್ಲ. ಈ ಉತ್ತರ ಕಿವಿ ಹಕ್ಕಿಗೂ ಮಾರಿಷಸ್‌ನ ಡೋಡೋಗೂ ಸಲ್ಲುತ್ತದೆ. ಅಲ್ಲಿ ಬಳಸದ ರೆಕ್ಕೆ ಸೊರಗಿತು. ಪೆಂಗ್ವಿನ್‌ನ ರೆಕ್ಕೆ ಸೊರಗಿಲ್ಲ. ಆ ರೆಕ್ಕೆಯಿಂದ ಏಟು ತಿಂದ ಪ್ರಾಣಿಸಂಗ್ರಹಾಲಯದ ಸಿಬ್ಬಂದಿಯನ್ನು ಕೇಳಿದರೆ ಗೊತ್ತಾಗುತ್ತದೆ, ಅದು ಬಿಗಿಮುಷ್ಟಿಯ ಹೊಡೆತ. ಇಷ್ಟು ಶಕ್ತಿ ಇಟ್ಟುಕೊಂಡ ಅಂಗವನ್ನು ‘ಬಳಕೆ ತಪ್ಪಿದ್ದು’ ಎನ್ನಲು ಬರುವುದಿಲ್ಲ.

ಇಲ್ಲಿ ಮುಳುಗುವ ಹಕ್ಕಿಗಳ ಎರಡು ಪಂಗಡಗಳನ್ನು ಬೇರ್ಪಡಿಸಿ ನೋಡಬೇಕು. ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರು ನೀರುಕಾಗೆಯನ್ನು ಕಂಡಿರುತ್ತಾರೆ. ಅದು ಮುಳುಗಿದಾಗ ರೆಕ್ಕೆಗಳನ್ನು ಮೈಗೆ ಅವಚಿಕೊಂಡು, ಜಾಲಪಾದಗಳಿಂದ ನೀರನ್ನು ಒದ್ದು ಮುಂದೆ ಹೋಗುತ್ತದೆ. ಮೇಲೆ ಬಂದಮೇಲೆ ಬಂಡೆಯ ಮೇಲೆ ರೆಕ್ಕೆ ಬಿಡಿಸಿ ಒಣಗಲು ಹಾಕುತ್ತದೆ. ಅದರ ರೆಕ್ಕೆ ಗಾಳಿಗೇ ಮೀಸಲು, ಕಾಲು ನೀರಿಗೆ. ಎರಡನೆಯ ಪಂಗಡ ರೆಕ್ಕೆಯನ್ನೇ ನೀರಿನೊಳಗೂ ಬಡಿಯುತ್ತದೆ. ಉತ್ತರದ ತಣ್ಣನೆಯ ಕಡಲುಗಳ ಗಿಲ್ಲಿಮಾಟ್, ಪಫಿನ್, ರೇಜರ್‌ಬಿಲ್ ಈ ಗುಂಪಿನವು. ಇವುಗಳ ಒಂದೇ ರೆಕ್ಕೆ ಎರಡು ಯಜಮಾನರಿಗೆ ದುಡಿಯಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಗಾಳಿಯಲ್ಲಿ ಮೈಯನ್ನು ಎತ್ತಿಹಿಡಿಯಲು ಉದ್ದ, ಅಗಲ, ಹಗುರದ ರೆಕ್ಕೆ ಬೇಕು. ಅಂಥದನ್ನು ನೀರಿನಲ್ಲಿ ಬಡಿಯುವುದೆಂದರೆ ತುಂಬಿದ ಹೊಳೆಯಲ್ಲಿ ಕೊಡೆ ಬಿಚ್ಚಿಕೊಂಡು ಈಜಿದ ಹಾಗೆ. ನೀರಿಗೆ ಸರಿಹೋಗುವುದು ಗಿಡ್ಡ, ಕಿರಿದು, ಗಡುಸು ರೆಕ್ಕೆ. ಅದನ್ನು ಹೊತ್ತು ಗಾಳಿಗೇರಿದರೆ ಒಂದು ಕ್ಷಣ ಬಡಿತ ನಿಲ್ಲಿಸುವಂತಿಲ್ಲ.

ಈ ರಾಜಿಗೆ ಎಷ್ಟು ಖರ್ಚು ಬೀಳುತ್ತದೆಂದು ಅಳೆದದ್ದು ಕೆನಡಾದ ಕೈಲ್ ಎಲಿಯಟ್ ಮತ್ತು ಸಂಗಡಿಗರು. ಅವರ ಲೇಖನ 2013ರಲ್ಲಿ ಪ್ರಕಟವಾಯಿತು. ಹಡ್ಸನ್ ಕೊಲ್ಲಿಯ ಕೋಟ್ಸ್ ದ್ವೀಪದ ಕಡಿದಾದ ಬಂಡೆಗಳ ಮೇಲೆ ಗೂಡುಕಟ್ಟುವ ದಪ್ಪಕೊಕ್ಕಿನ ಗಿಲ್ಲಿಮಾಟ್‌ಗಳನ್ನು ಹಿಡಿದು, ಭಾರದ ಹೈಡ್ರೋಜನ್ ಮತ್ತು ಭಾರದ ಆಕ್ಸಿಜನ್ ಇರುವ ನೀರನ್ನು ಚುಚ್ಚಿ, ಮೈಗೆ ಪುಟ್ಟ ದಾಖಲೆಯಂತ್ರ ಕಟ್ಟಿ ಬಿಟ್ಟರು. ಹಕ್ಕಿ ಮತ್ತೆ ಕೈಗೆ ಸಿಕ್ಕಾಗ ಒಂದು ಹನಿ ರಕ್ತ ತೆಗೆದರೆ ಸಾಕು. ಭಾರದ ಹೈಡ್ರೋಜನ್ ಮೈಯಿಂದ ಹೊರಬೀಳುವುದು ನೀರಿನ ರೂಪದಲ್ಲಿ ಮಾತ್ರ. ಆಕ್ಸಿಜನ್ ನೀರಿನ ಜೊತೆಗೂ ಹೋಗುತ್ತದೆ, ಉಸಿರಿನ ಇಂಗಾಲದ ಡೈ ಆಕ್ಸೈಡಿನ ಜೊತೆಗೂ ಹೋಗುತ್ತದೆ. ಎರಡರ ವ್ಯತ್ಯಾಸ ಹಿಡಿದರೆ ಹಕ್ಕಿ ಎಷ್ಟು ಇಂಗಾಲದ ಡೈ ಆಕ್ಸೈಡು ಹೊರಬಿಟ್ಟಿತು, ಅಂದರೆ ಎಷ್ಟು ಶಕ್ತಿ ವ್ಯಯಿಸಿತು ಎಂಬ ಲೆಕ್ಕ ಸಿಗುತ್ತದೆ. ಯಂತ್ರ ಹಾರಿದ ಹೊತ್ತು, ಮುಳುಗಿದ ಹೊತ್ತು, ಆಳಗಳನ್ನು ಹೇಳುತ್ತದೆ.

ಬಂದ ಸಂಖ್ಯೆ ವಿಜ್ಞಾನಿಗಳನ್ನೇ ಬೆಚ್ಚಿಬೀಳಿಸುವಂಥದು. ಹಾರುವಾಗ ಗಿಲ್ಲಿಮಾಟ್ ಸುಮ್ಮನೆ ಕೂತಾಗಿನ 31 ಪಟ್ಟು ಶಕ್ತಿ ಸುಡುತ್ತದೆ. ಬೆನ್ನೆಲುಬಿರುವ ಯಾವ ಪ್ರಾಣಿಯಲ್ಲೂ ಹಾರಾಟಕ್ಕೆ ಅಷ್ಟು ದುಬಾರಿ ದರ ಆವರೆಗೆ ದಾಖಲಾಗಿರಲಿಲ್ಲ. ಅದೇ ಹಕ್ಕಿ ನೀರಿನೊಳಗೆ ಮಾತ್ರ ಬಲು ಜಿಪುಣ. ಅಲಾಸ್ಕಾದ ಮಿಡಲ್‌ಟನ್ ದ್ವೀಪದಲ್ಲಿ ಹೋಲಿಕೆಗೆಂದು ಅಳೆದ, ಕಾಲಿನಿಂದ ಈಜುವ ನೀರುಕಾಗೆಗಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಮುಳುಗುತ್ತದೆ. ಅದಕ್ಕಿಂತಲೂ ಕಡಿಮೆ ಖರ್ಚಿನಲ್ಲಿ ರೆಕ್ಕೆಯಿಂದ ಈಜುವ ಹಕ್ಕಿ ಪೆಂಗ್ವಿನ್ ಮಾತ್ರ.

ಗಿಲ್ಲಿಮಾಟ್‌ನ ತೂಕ ಸುಮಾರು ಒಂದು ಕಿಲೋ. ಪ್ರಪಂಚದ ಅತಿ ಚಿಕ್ಕ ಪೆಂಗ್ವಿನ್, ಆಸ್ಟ್ರೇಲಿಯಾದ ಫಿಲಿಪ್ ದ್ವೀಪದಲ್ಲಿ ಸಂಜೆ ಸಾಲುಗಟ್ಟಿ ದಡಕ್ಕೆ ಬರುವ ಪುಟ್ಟ ಪೆಂಗ್ವಿನ್, ಅದರ ತೂಕವೂ ಸುಮಾರು ಒಂದು ಕಿಲೋ. ಇದು ಕಾಕತಾಳೀಯವಲ್ಲ. ಮೈತೂಕ ಏರುತ್ತ ಹೋದಂತೆ ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ಸ್ನಾಯುಗಳು ಕೊಡಬಲ್ಲ ಶಕ್ತಿಗಿಂತ ಬೇಗ ಏರುತ್ತದೆ. ರೆಕ್ಕೆಯನ್ನು ಗಿಡ್ಡ ಮಾಡಿಕೊಂಡ ಹಕ್ಕಿಗೆ ಈ ಕುತ್ತಿಗೆಪಟ್ಟಿ ಇನ್ನೂ ಬಿಗಿ. ಮುಳುಗುವ ವ್ಯವಹಾರದಲ್ಲಿ ಇದರ ತಿರುವುಮುರುವು: ಮೈ ದೊಡ್ಡದಾದಷ್ಟೂ ಕೂಡಿಟ್ಟ ಆಕ್ಸಿಜನ್ ಹೆಚ್ಚು, ಕಿಲೋವೊಂದಕ್ಕೆ ಅದು ಖರ್ಚಾಗುವ ವೇಗ ಕಡಿಮೆ, ಮೈಬಿಸಿಯೂ ಬೇಗ ಸೋರುವುದಿಲ್ಲ. ಹಾರಾಟ ಸಣ್ಣದಾಗಿರು ಎನ್ನುತ್ತದೆ, ಆಳ ದೊಡ್ಡದಾಗು ಎನ್ನುತ್ತದೆ. ಒಂದು ಕಿಲೋದ ಆಸುಪಾಸಿನಲ್ಲಿ ಈ ಜಗಳ ತೀರ್ಮಾನಕ್ಕೆ ಬರಲೇಬೇಕು. ಪೆಂಗ್ವಿನ್‌ನ ಪೂರ್ವಜರು ಹಾರಾಟದ ಲೆಕ್ಕ ಚುಕ್ತಾ ಮಾಡಿ ಆ ಗಡಿ ದಾಟಿದರು. ಪೆಂಗ್ವಿನ್‌ಗೆ ಹಾರಲು ಬಾರದು ಎನ್ನುವುದಕ್ಕಿಂತ ಅದಕ್ಕೆ ಹಾರಾಟ ಗಿಟ್ಟಲಿಲ್ಲ ಎನ್ನುವುದು ಹೆಚ್ಚು ಸರಿ.

ಉತ್ತರಾರ್ಧಗೋಲದಲ್ಲೂ ಒಬ್ಬರು ಈ ದಾರಿ ಹಿಡಿದಿದ್ದರು. ಗಿಲ್ಲಿಮಾಟ್, ರೇಜರ್‌ಬಿಲ್‌ಗಳ ಬಳಗದ ಗ್ರೇಟ್ ಆಕ್ ಐದು ಕಿಲೋ ತೂಗುತ್ತಿತ್ತು, ಹಾರುತ್ತಿರಲಿಲ್ಲ, ಬೆನ್ನು ಕಪ್ಪು, ಹೊಟ್ಟೆ ಬಿಳಿ. ಪೆಂಗ್ವಿನ್‌ಗೂ ಅದಕ್ಕೂ ಹತ್ತಿರದ ರಕ್ತಸಂಬಂಧವೇ ಇಲ್ಲದಿದ್ದರೂ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ತಬ್ಬಿಬ್ಬಾಗುವಷ್ಟು ಹೋಲಿಕೆ. ಮಾಂಸಕ್ಕೆ, ಪುಕ್ಕಕ್ಕೆ, ಎಣ್ಣೆಗೆ ನಾವಿಕರು ಅದನ್ನು ಕೊಂದು ಕೊಂದು, ಐಸ್‌ಲ್ಯಾಂಡಿನ ಎಲ್ಡೇ ಬಂಡೆಯ ಮೇಲೆ 1844ರ ಜೂನಿನಲ್ಲಿ ಕೊನೆಯ ಜೋಡಿಯೂ ಮುಗಿಯಿತು.

ದಕ್ಷಿಣದಲ್ಲಿ ಈ ತಿರುವು ಯಾವಾಗ ಬಂತು ಎನ್ನುವುದಕ್ಕೆ ನ್ಯೂಜಿಲೆಂಡಿನ ನೆಲ ಸಾಕ್ಷಿ ಹೇಳುತ್ತದೆ. ಕ್ಯಾಂಟರ್‌ಬರಿಯ ವೈಪರಾ ನದಿಯ ಬಳಿ ಸಿಕ್ಕ ವೈಮನು ಎಂಬ ಪೆಂಗ್ವಿನ್‌ನ ಮೂಳೆಗಳಿಗೆ ಸುಮಾರು 6 ಕೋಟಿ ವರ್ಷ ವಯಸ್ಸು. ಅದನ್ನು 2006ರಲ್ಲಿ ವಿಜ್ಞಾನಕ್ಕೆ ಪರಿಚಯಿಸಲಾಯಿತು. ಆ ಹೊತ್ತಿಗಾಗಲೇ ಅದು ಹಾರುತ್ತಿರಲಿಲ್ಲ. ಡೈನೋಸಾರ್‌ಗಳ ಜೊತೆಗೆ ಕಡಲಿನ ದೈತ್ಯ ಸರೀಸೃಪಗಳನ್ನೂ ಅಳಿಸಿಹಾಕಿದ ದುರಂತ ನಡೆದದ್ದು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಬೇಟೆಗಾರರಿಲ್ಲದೆ ಖಾಲಿಬಿದ್ದ ಸಮುದ್ರಕ್ಕೆ ಈ ಹಕ್ಕಿಗಳು ತಡಮಾಡದೆ ಇಳಿದಿರಬೇಕು. ತೂಕದ ಗಡಿ ತೆರವಾದದ್ದೇ ತಡ, ಮೈಯೂ ಬೆಳೆಯಿತು. ಒಟಾಗೋದ ಕಡಲತೀರದ ಬಂಡೆಗಳಿಂದ ಬಿಡಿಸಿ 2023ರಲ್ಲಿ ವರ್ಣಿಸಿದ ಕುಮಿಮನು ಫೋರ್ಡೈಸಿ ಸುಮಾರು 150 ಕಿಲೋ ತೂಗುತ್ತಿತ್ತೆಂದು ಅಂದಾಜು. ಇಂದಿನ ಅತಿ ದೊಡ್ಡ ಪೆಂಗ್ವಿನ್‌ಗೆ 40 ಕಿಲೋ ಮುಟ್ಟುವುದೇ ಹೆಚ್ಚು.

ಇನ್ನೊಂದು ಮಾತು. ಪೆಂಗ್ವಿನ್ ಎಂದೊಡನೆ ಹಿಮ ಕಣ್ಣಿಗೆ ಕಟ್ಟುತ್ತದೆ, ಆದರೆ ಇದೆಲ್ಲ ನಡೆದದ್ದು ಬೆಚ್ಚಗಿನ ಕಡಲುಗಳಲ್ಲಿ. ಅಂಟಾರ್ಕ್ಟಿಕಾಕ್ಕೆ ಆಗ ಹಿಮದ ಹೊದಿಕೆಯೇ ಇರಲಿಲ್ಲ. ಪೆರುವಿನಲ್ಲಿ ಸಿಕ್ಕ 3 ಕೋಟಿ 60 ಲಕ್ಷ ವರ್ಷ ಹಳೆಯ ಇಂಕಯಾಕು ಪೆಂಗ್ವಿನ್‌ನ ಗರಿಗಳೇ ಕಲ್ಲಿನಲ್ಲಿ ಉಳಿದಿವೆ. ಅವುಗಳ ಬಣ್ಣದ ಕಣಗಳನ್ನು ಪರೀಕ್ಷಿಸಿದಾಗ ಅದು ಬೂದು ಮತ್ತು ಕೆಂಗಂದು ಬಣ್ಣದ್ದಾಗಿತ್ತೆಂದು 2010ರಲ್ಲಿ ಜೂಲಿಯಾ ಕ್ಲಾರ್ಕ್ ಅವರ ತಂಡ ತೋರಿಸಿತು. ಕಪ್ಪು–ಬಿಳಿ ಸಮವಸ್ತ್ರ ಆಮೇಲಿನದು. ರೆಕ್ಕೆಯಲ್ಲಿ ಬಿಸಿ ರಕ್ತದ ನಾಳಗಳೂ ತಣ್ಣಗಾಗಿ ಮರಳುವ ರಕ್ತದ ನಾಳಗಳೂ ಒತ್ತೊತ್ತಾಗಿ ಹರಿದು, ಬಿಸಿಯನ್ನು ಮೈಯೊಳಗೇ ಉಳಿಸುವ ಏರ್ಪಾಡು ಪೆಂಗ್ವಿನ್‌ಗಳಲ್ಲಿದೆ. ಆ ನಾಳಗಳು ಕೊರೆದ ಗುರುತು 4 ಕೋಟಿ 90 ಲಕ್ಷ ವರ್ಷ ಹಳೆಯ ಮೂಳೆಗಳಲ್ಲೇ ಕಾಣುತ್ತದೆ. ತಣ್ಣನೆಯ ಆಳದಲ್ಲಿ ಹೆಚ್ಚು ಹೊತ್ತು ಇರಲು ಮಾಡಿಕೊಂಡ ಈ ಏರ್ಪಾಡು ಮುಂದೆ ಹಿಮ ಬಂದಾಗ ತಾನಾಗಿ ಕೈಹಿಡಿಯಿತು.

ಈಗ ರೆಕ್ಕೆಯನ್ನು ಹತ್ತಿರದಿಂದ ನೋಡಬಹುದು. ಅದಕ್ಕೆ ದಕ್ಷಿಣಧ್ರುವಕ್ಕೆ ಹೋಗಬೇಕಾಗಿಲ್ಲ. ಮುಂಬಯಿ ಕನ್ನಡಿಗರು ಮಕ್ಕಳನ್ನು ಕರೆದುಕೊಂಡು ಹೋಗುವ ಬೈಕುಲಾದ ರಾಣಿಬಾಗ್‌ನಲ್ಲಿ 2016ರಲ್ಲಿ ದಕ್ಷಿಣ ಕೊರಿಯಾದಿಂದ ತರಿಸಿದ ಹಂಬೋಲ್ಟ್ ಪೆಂಗ್ವಿನ್‌ಗಳ ಸಂಸಾರವಿದೆ. ಮೂಲ ಊರು ಪೆರು, ಚಿಲಿಗಳ ಕರಾವಳಿ. ಗಾಜಿನಾಚೆ ಬಂಡೆಯ ಮೇಲೆ ಅವು ನಡೆಯುವ ಚಂದ ನೋಡಿ ಮಕ್ಕಳು ನಗುತ್ತಾರೆ. ಕಾಲುಗಳು ಮೈಯ ತೀರಾ ಹಿಂದಕ್ಕೆ ಸರಿದಿರುವುದರಿಂದ ನೆಟ್ಟಗೆ ನಿಂತೇ ನಡೆಯಬೇಕು, ಎಡಕ್ಕೂ ಬಲಕ್ಕೂ ವಾಲಾಡಬೇಕು. ನೀರಿಗೆ ಬಿದ್ದ ಕ್ಷಣ ಅದೇ ಪಾದಗಳು ಬಾಲದ ಜೊತೆ ಸೇರಿ ಚುಕ್ಕಾಣಿಯಾಗುತ್ತವೆ. ಗಾಜಿನ ಪಕ್ಕದಲ್ಲಿ ಹಾದುಹೋಗುವಾಗ ರೆಕ್ಕೆಯನ್ನು ಗಮನಿಸಬೇಕು: ಮೊಣಕೈಯಲ್ಲಿ ಮಡಿಯುವುದಿಲ್ಲ, ಮಣಿಕಟ್ಟಿನಲ್ಲಿ ಬಾಗುವುದಿಲ್ಲ. ಭುಜದಿಂದ ತುದಿಯವರೆಗೆ ಒಂದೇ ಹಲಗೆ. ಒಳಗಿನ ಮೂಳೆಗಳು ಚಪ್ಪಟೆಯಾಗಿ, ಕೀಲುಗಳು ಬಿಗಿದುಕೊಂಡಿವೆ. ಹಾರುವ ಹಕ್ಕಿಗಳ ಮೂಳೆ ಗಾಳಿ ತುಂಬಿ ಹಗುರ. ಪೆಂಗ್ವಿನ್‌ದು ಒಳಗೂ ಗಟ್ಟಿ, ಭಾರ. ಮುಳುಗಬೇಕಾದವರಿಗೆ ಭಾರವೂ ಅನುಕೂಲವೇ.

ರೆಕ್ಕೆ ಎತ್ತುವಾಗಲೂ ಹಕ್ಕಿ ಮುಂದಕ್ಕೆ ಚಿಮ್ಮುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು. ಗಾಳಿಯಲ್ಲಿ ಹಕ್ಕಿಗೆ ಮುಖ್ಯವಾದದ್ದು ಕೆಳಬಡಿತ. ಮೈಭಾರ ಹೊರುವುದು ಅದೇ. ನೀರಿನಲ್ಲಿ ಮೈಭಾರ ಹೊರುವ ಗೋಜಿಲ್ಲ, ಹಾಗಾಗಿ ಮೇಲೆತ್ತುವ ಬಡಿತವನ್ನೂ ದೂಡುವುದಕ್ಕೆ ಬಳಸಬಹುದು. ರೆಕ್ಕೆಯೆತ್ತುವ ಸ್ನಾಯು ಪೆಂಗ್ವಿನ್‌ನಲ್ಲಿ ಉಳಿದ ಹಕ್ಕಿಗಳಿಗಿಂತ ಎಷ್ಟೋ ದಪ್ಪವಾಗಿರುವುದು ಈ ಕಾರಣಕ್ಕೆ.

ಗರಿಗಳ ಕೆಲಸ ಬೆಚ್ಚಗಿಡುವುದಷ್ಟೇ ಅಲ್ಲ. ಹೊರಗರಿಗಳ ಕೆಳಗೆ ನಯವಾದ ತುಪ್ಪಳು ಒತ್ತಾಗಿದ್ದು, ಅದರಲ್ಲಿ ಗಾಳಿ ಸೆರೆಯಾಗಿರುತ್ತದೆ. ಚಕ್ರವರ್ತಿ ಪೆಂಗ್ವಿನ್ ಆಳದಿಂದ ಮೇಲೇರುವಾಗ ಒತ್ತಡ ಇಳಿದು ಆ ಗಾಳಿ ಹಿಗ್ಗಿ, ಗರಿಗಳ ಸಂದಿಯಿಂದ ಅತಿ ಸಣ್ಣ ಗುಳ್ಳೆಗಳಾಗಿ ಹೊರಬರುತ್ತದೆ. ಗುಳ್ಳೆಗಳ ಈ ಪೊರೆ ಮೈಯನ್ನು ಸುತ್ತಿಕೊಂಡು ನೀರಿನ ತಡೆಯನ್ನು ತಗ್ಗಿಸುತ್ತದೆ. ಬಿಬಿಸಿಯ ಛಾಯಾಗ್ರಾಹಕರು ಸೆರೆಹಿಡಿದ ದೃಶ್ಯಗಳನ್ನು ಅಳತೆ ಮಾಡಿ ಜಾನ್ ಡೇವನ್‌ಪೋರ್ಟ್ ಮತ್ತು ಜೊತೆಗಾರರು 2011ರಲ್ಲಿ ಇದನ್ನು ವಿವರಿಸಿದರು. ಸೆಕೆಂಡಿಗೆ ಐದು ಮೀಟರಿಗೂ ಹೆಚ್ಚಿನ ವೇಗದಲ್ಲಿ ಬಂದು ಹಕ್ಕಿ ಹಿಮದ ದಂಡೆಗೆ ನೆಗೆಯುತ್ತದೆ. ಕೆಳಗೆ ಚಿರತೆ ಸೀಲ್ ಕಾದಿರುವಾಗ ಆ ವೇಗ ಪ್ರಾಣದ ಪ್ರಶ್ನೆ. ಸುಳ್ಳು ಹಾರಾಟವನ್ನು ಕಂಪ್ಯೂಟರಿನಲ್ಲಿ ಹೆಣೆದ ಸಂಸ್ಥೆಯ ಕ್ಯಾಮೆರಾಗಳಿಂದಲೇ ನಿಜವಾದ ನೆಗೆತದ ಗುಟ್ಟು ಹೊರಬಿದ್ದದ್ದು ತಮಾಷೆಯೇ ಸರಿ.

ಆಳದ ವಿಚಾರಕ್ಕೆ ಬಂದರೆ ಚಕ್ರವರ್ತಿಗೆ ಸಾಟಿಯಾದ ಹಕ್ಕಿಯೇ ಇಲ್ಲ. 564 ಮೀಟರ್ ಆಳದ ಮುಳುಗು ದಾಖಲಾಗಿದೆ, ಒಂದೇ ಉಸಿರಿನಲ್ಲಿ 32 ನಿಮಿಷ ಕಳೆದದ್ದೂ ದಾಖಲಾಗಿದೆ. ಇದನ್ನು ಅಧ್ಯಯನ ಮಾಡುವವರು ಮೆಕ್‌ಮರ್ಡೊ ಕೊಲ್ಲಿಯ ಹಿಮದಲ್ಲಿ, ಅಕ್ಕಪಕ್ಕ ಬೇರೆ ಬಿರುಕಿಲ್ಲದ ಜಾಗ ನೋಡಿ ಒಂದೇ ಒಂದು ರಂಧ್ರ ಕೊರೆಯುತ್ತಾರೆ. ಮೀನಿಗೆಂದು ಇಳಿದ ಹಕ್ಕಿ ಉಸಿರಾಡಲು ಅಲ್ಲಿಗೇ ಬರಬೇಕು, ಮೈಗೆ ಕಟ್ಟಿದ ಯಂತ್ರವೂ ವಾಪಸು ಸಿಗುತ್ತದೆ. ದೀರ್ಘ ಮುಳುಗಿನಲ್ಲಿ ಹೃದಯದ ಬಡಿತ ನಿಮಿಷಕ್ಕೆ ಹತ್ತಕ್ಕೂ ಕೆಳಗೆ ಇಳಿಯುತ್ತದೆ. ರಕ್ತದ ಆಕ್ಸಿಜನ್ ಉಳಿತಾಯವಾಗುತ್ತದೆ. ಸ್ನಾಯುಗಳು ತಮ್ಮಲ್ಲೇ ಮಯೋಗ್ಲೋಬಿನ್ ಎಂಬ ಪ್ರೋಟೀನು ಹಿಡಿದಿಟ್ಟ ಆಕ್ಸಿಜನ್ನಿನ ಮೇಲೆ ದಿನ ದೂಡುತ್ತವೆ. ಎಷ್ಟು ಆಳಕ್ಕೆ ಹೋಗುವುದಿದೆ ಎಂದು ನೋಡಿಕೊಂಡು ಮೊದಲೇ ಎಷ್ಟು ಗಾಳಿ ಎಳೆದುಕೊಳ್ಳಬೇಕೆಂದು ಪೆಂಗ್ವಿನ್‌ಗಳು ಹೊಂದಿಸಿಕೊಳ್ಳುವ ಸೂಚನೆಯನ್ನು ಜಪಾನಿನ ಕತ್ಸುಫುಮಿ ಸಾತೋ ಮತ್ತು ಸಂಗಡಿಗರು ಕಿಂಗ್ ಹಾಗೂ ಅಡೆಲಿ ಪೆಂಗ್ವಿನ್‌ಗಳಲ್ಲಿ ಕಂಡರು. ಮೇಲೆ ಬರುವಾಗ ಕೊನೆಯ ಹಂತದಲ್ಲಿ ಅವು ರೆಕ್ಕೆ ಬಡಿಯುವುದನ್ನೇ ನಿಲ್ಲಿಸುತ್ತವೆ. ಮೈಯೊಳಗಿನ ಗಾಳಿ ಪುಕ್ಕಟೆಯಾಗಿ ಮೇಲಕ್ಕೆ ತರುತ್ತದೆ.

ಮೆಕ್‌ಮರ್ಡೊದ ಆ ರಂಧ್ರದ ಬಳಿ ಪಿಎಚ್.ಡಿ. ಕೆಲಸ ಮಾಡಿದವರಲ್ಲಿ ಜೆಸ್ಸಿಕಾ ಮೀರ್ ಒಬ್ಬರು. ಕಡಿಮೆ ಆಕ್ಸಿಜನ್ನಿನಲ್ಲಿ ಬದುಕುವ ಹಕ್ಕಿಗಳ ಬೆನ್ನುಹತ್ತಿದ ಅವರು ಮುಂದೆ ಪಟ್ಟೆತಲೆ ಹೆಬ್ಬಾತಿನ ಮರಿಗಳನ್ನು ತಾಯಿಯಂತೆ ಸಾಕಿ, ಗಾಳಿಸುರಂಗದಲ್ಲಿ ಹಾರಿಸಿ ಪರೀಕ್ಷಿಸಿದರು. ಆಮೇಲೆ ಗಗನಯಾತ್ರಿಯಾಗಿ 2019ರಲ್ಲಿ ಅಂತರಿಕ್ಷ ನಿಲ್ದಾಣಕ್ಕೂ ಹೋದರು. ಪ್ರತಿ ಚಳಿಗಾಲ ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಹೆಬ್ಬಾತು ಇದೇ ಜಾತಿಯದು. 2024ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಯ ದಂಡೆಯಲ್ಲಿ ನಿಂತರೆ ಪೆಂಗ್ವಿನ್ ಕೈಬಿಟ್ಟ ದಾರಿಯ ತುತ್ತತುದಿ ಕಾಣುತ್ತದೆ. ತೆಳುಗಾಳಿಯಲ್ಲಿ ಹಾರುವವರಿಗೂ ಅರ್ಧ ಕಿಲೋಮೀಟರ್ ಆಳಕ್ಕೆ ಇಳಿಯುವವರಿಗೂ ಕೊರತೆ ಒಂದೇ, ಆಕ್ಸಿಜನ್ನಿನದು.

ಚುಕ್ತಾ ಮಾಡಿದ ಲೆಕ್ಕಕ್ಕೂ ಬಡ್ಡಿ ಕಟ್ಟುವುದು ತಪ್ಪಲಿಲ್ಲ. ಗೂಡಿನ ನೆಲೆಗೂ ಕಡಲಿಗೂ ನಡುವೆ ಹತ್ತಾರು ಕಿಲೋಮೀಟರ್ ಹಿಮವನ್ನು ಚಕ್ರವರ್ತಿ ಪೆಂಗ್ವಿನ್ ನಡೆದೂ ಹೊಟ್ಟೆಯ ಮೇಲೆ ಜಾರಿಯೂ ದಾಟುತ್ತದೆ. ಹಾರುವ ಹಕ್ಕಿಗೆ ಅದು ಗಂಟೆ, ಎರಡು ಗಂಟೆಯ ಮಾತು. ವರ್ಷಕ್ಕೊಮ್ಮೆ ಗರಿಗಳನ್ನು ಒಟ್ಟಿಗೇ ಉದುರಿಸಿ ಹೊಸದು ಬೆಳೆಸಿಕೊಳ್ಳುವ ವಾರಗಳಲ್ಲಿ ಅದು ನೀರಿಗಿಳಿಯುವಂತಿಲ್ಲ, ಅಂದರೆ ಉಪವಾಸ.

ದೂರದ ಈ ಬಡ್ಡಿ ಇಂದು ಅತಿ ಹೆಚ್ಚು ಕಾಡುತ್ತಿರುವುದು ಆಫ್ರಿಕನ್ ಪೆಂಗ್ವಿನ್‌ಗೆ. ಅದರ ಊಟ ಸಾರ್ಡೀನ್ ಮತ್ತು ಆಂಚೊವಿ ಮೀನು. ಸಾರ್ಡೀನ್ ನಮ್ಮ ಕರಾವಳಿಯ ಬೂತಾಯಿಯ ದಾಯಾದಿ. ಮರಿ ಸಾಕುವ ದಿನಗಳಲ್ಲಿ ತಾಯಿತಂದೆಯರು ಗೂಡಿನಿಂದ ಹತ್ತಾರು ಕಿಲೋಮೀಟರ್ ದೂರದೊಳಗೇ ಬೇಟೆ ಮುಗಿಸಿ ಮರಳಬೇಕು. ಇದೇ ಮೀನನ್ನು ತಿನ್ನುವ ಕೇಪ್ ಗ್ಯಾನೆಟ್ ಹಾರುವ ಹಕ್ಕಿಯಾದ್ದರಿಂದ ನೂರು ಕಿಲೋಮೀಟರಿಗೂ ಆಚೆ ಹೋಗಿ ಬರಬಲ್ಲದು; ಅದಕ್ಕೂ ಸುಖವಿಲ್ಲ, ಅದೂ ಅಪಾಯದ ಪಟ್ಟಿಯಲ್ಲೇ ಇದೆ. ಮೀನಿನ ಹಿಂಡುಗಳು ಪೂರ್ವಕ್ಕೆ ಸರಿದಾಗ, ಉಳಿದದ್ದನ್ನು ದೊಡ್ಡ ದೋಣಿಗಳು ಬಳಿದುಕೊಂಡಾಗ, ಪೆಂಗ್ವಿನ್‌ಗೆ ಬೆನ್ನಟ್ಟಿ ಹೋಗಲು ದಾರಿಯಿಲ್ಲ. ಗೂಡುಕಟ್ಟುವ ಜೋಡಿಗಳು 10 ಸಾವಿರಕ್ಕೂ ಕೆಳಗಿಳಿದಿದ್ದು, 2024ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜಾತಿಗಳ ಸಾಲಿಗೆ ಸೇರಿಸಿತು.

ಗೂಡುಗಳ ಸುತ್ತಲಿನ ಮೀನುಗಾರಿಕೆಯ ವಿಚಾರವಾಗಿ ದಕ್ಷಿಣ ಆಫ್ರಿಕಾದಲ್ಲಿ ಎರಡು ಪಕ್ಷಿಸಂರಕ್ಷಣಾ ಸಂಸ್ಥೆಗಳು ಕೋರ್ಟಿಗೆ ಹೋದವು. ಮೀನುಗಾರಿಕೆ ಉದ್ಯಮದೊಂದಿಗೆ ಆದ ರಾಜಿಯನ್ನು 2025ರ ಮಾರ್ಚಿನಲ್ಲಿ ಪ್ರಿಟೋರಿಯಾದ ಹೈಕೋರ್ಟು ಆದೇಶವಾಗಿ ಹೊರಡಿಸಿತು. ಡಾಸನ್, ರಾಬೆನ್, ಡೈಯರ್, ಸೇಂಟ್ ಕ್ರೋ, ಬರ್ಡ್ ದ್ವೀಪಗಳು ಮತ್ತು ಸ್ಟೋನಿ ಪಾಯಿಂಟ್, ಈ ಆರು ನೆಲೆಗಳ ಸುತ್ತ ಗೊತ್ತುಮಾಡಿದ ಕಡಲಿನಲ್ಲಿ ಸಾರ್ಡೀನ್, ಆಂಚೊವಿ ಹಿಡಿಯುವ ವಾಣಿಜ್ಯ ದೋಣಿಗಳಿಗೆ ಹತ್ತು ವರ್ಷ ಪ್ರವೇಶವಿಲ್ಲ. ಗೆರೆ ಎಲ್ಲಿ ಎಳೆಯಬೇಕು ಎಂಬ ವರ್ಷಗಟ್ಟಲೆಯ ಜಗಳದಲ್ಲಿ ಸಾಕ್ಷಿಯಾದದ್ದು ಪೆಂಗ್ವಿನ್‌ಗಳ ಬೆನ್ನಿಗಂಟಿಸಿದ ಯಂತ್ರಗಳ ದಾಖಲೆ. ಮರಿಗೆ ತುತ್ತು ತರಲು ಅವು ಎಷ್ಟು ದೂರ ಈಜಿ ಹೋಗಬಲ್ಲವೆಂಬ ನಕ್ಷೆ ಅದರಲ್ಲಿತ್ತು.